ಹಾನುಬಾಳಿನ ಅಜ್ಜಿ ಮನೆ, ಜಾವಳಿಯ ಅತ್ತೆ ಮನೆ

ಏಪ್ರಿಲ್ 10ಕ್ಕೆ ರಿಸಲ್ಟು, 11ಕ್ಕೆ ಬಸ್ಸು. 1988ರಿಂದ 1996ರವರೆಗೆ, ನಾನು ಒಂದನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸು ಮುಗಿಸುವವರೆಗೆ, ಇದು ಒಂದು ವರ್ಷವೂ ತಪ್ಪಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುತ್ತಿದ್ದರು. ಅಮ್ಮ, ನಾನು, ತಮ್ಮ, ಒಂದು ಟ್ರಂಕು. ಸಕಲೇಶಪುರದಲ್ಲಿ ಇಳಿದು ಮೂಡಿಗೆರೆ ಕಡೆಯ ಬಸ್ಸು ಹತ್ತಿದರೆ ಹಾನುಬಾಳು. ಅಲ್ಲಿಂದ ಮುಕ್ಕಾಲು ಗಂಟೆ ನಡೆದರೆ ಅಜ್ಜಿ ಮನೆ. ಒಮ್ಮೆ ಅಲ್ಲಿಗೆ ಮುಟ್ಟಿದರೆ ಮುಗೀತು. ಹಾಸನ ಅಂತ ಒಂದು ಊರಿದೆ ಅನ್ನೋದು ಮತ್ತೆ ನೆನಪಾಗುತ್ತಿದ್ದದ್ದು ಮೇ ಕೊನೆಯಲ್ಲಿ, ಅಪ್ಪ ಕರೆದುಕೊಂಡು ಹೋಗಲು ಬಂದಾಗಲೇ.

ಈ ವರ್ಷ ಅಮ್ಮನಿಗೆ 70 ತುಂಬಿತು. "ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀವಿ, ಹೇಳಮ್ಮ" ಅಂದೆವು. ಕಾಶಿ, ರಾಮೇಶ್ವರ ಅಂತಾಳೆ ಅಂದುಕೊಂಡಿದ್ದೆ. ಅಮ್ಮ ಅಂದಳು, "ಅಣ್ಣನ ಮನೇಲಿ ನಾಲ್ಕು ದಿನ ಇರ್ಬೇಕು. ಊಟ ಮಾಡ್ಕೊಂಡು ಸಂಜೆಗೇ ವಾಪಸ್ ಬರೋ ಹಾಗಲ್ಲ. ಮಲಗಿ ಎದ್ದು ಇರ್ಬೇಕು."

ಅಜ್ಜಿ ಮನೆಯಲ್ಲಿ ಈಗ ಇರುವುದು ಮಾವ ಮತ್ತು ಅತ್ತೆ ಇಬ್ಬರೇ. ಮೇ ಮೊದಲ ವಾರ ಐದು ದಿನ ರಜೆ ಹೊಂದಿಸಿದೆವು. ಅಮ್ಮ, ನಾನು, 12 ವರ್ಷದ ನನ್ನ ಮಗ, ತಮ್ಮ, ಅವನ ಹೆಂಡತಿ, ಅವರ 8 ವರ್ಷದ ಪುಟ್ಟಿ. ಏಳು ಸೀಟಿನ ಗಾಡಿ, ಆರು ಜನ. ಏಳನೇ ಸೀಟಿನಲ್ಲಿ ಬ್ಯಾಗುಗಳು. ಹೋಗುವಾಗ ಶೆಟ್ಟಿಹಳ್ಳಿ, ಆಮೇಲೆ ಎರಡು ದಿನ ಅಜ್ಜಿ ಮನೆ, ಮಂಜರಾಬಾದ್ ಕೋಟೆ, ನಾಲ್ಕನೇ ದಿನ ಮುಳ್ಳಯ್ಯನಗಿರಿ, ಕೊನೆಗೆ ಬೇಲೂರಿನ ಮೇಲೆ ವಾಪಸ್. ತಮ್ಮ ಇದನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ.

ಮೊದಲ ದಿನ

ಬೆಳಿಗ್ಗೆ ಎಂಟಕ್ಕೆ ಹಾಸನ ಬಿಟ್ಟೆವು. ಶೆಟ್ಟಿಹಳ್ಳಿ ಚರ್ಚು ಹಾಸನದಿಂದ ಸುಮಾರು 20 ಕಿ.ಮೀ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರಿನವರು ಬೇರೆ ಕಡೆ ಹೋದರು, ಚರ್ಚು ಹಿನ್ನೀರಿನ ಪಾಲಾಯಿತು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದಿನಿಂದ ಪ್ರತಿ ಮಳೆಗಾಲ ಮುಳುಗುತ್ತದೆ, ಪ್ರತಿ ಬೇಸಿಗೆ ಏಳುತ್ತದೆ. ಮೇ ತಿಂಗಳಲ್ಲಿ ನೀರು ತುಂಬಾ ಹಿಂದೆ ಸರಿದಿರುತ್ತದೆ. ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ನಡೆದುಕೊಂಡೇ ಒಳಗೆ ಹೋಗಬಹುದು. ಚಾವಣಿ ಇಲ್ಲ. ಕಮಾನುಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಗೋಡೆಯ ಮೇಲೆ ನೀರು ಬಂದು ಹೋದ ಗೆರೆಗಳು.

"ಇಲ್ಲಿ ನೀರಿತ್ತು ಕಣೋ. ಅಪ್ಪ ನಿನ್ನನ್ನ ಹೆಗಲ ಮೇಲೆ ಕೂರಿಸಿಕೊಂಡಿದ್ರು" ಅಂದೆ ತಮ್ಮನಿಗೆ. "ಇಲ್ಲ ಅಕ್ಕ, ಹೀಗೇ ಒಣಗಿತ್ತು. ನಾವು ಇಲ್ಲೇ ಓಡಾಡಿದ್ವಿ, ನನ್ನ ಚಪ್ಪಲಿ ಕಿತ್ತೋಯ್ತು" ಅಂದ ಅವನು. ಇಬ್ಬರಿಗೂ ಅವರವರ ನೆನಪೇ ಖಾತ್ರಿ. ಅಮ್ಮ ಸುಮ್ಮನೆ ಕೇಳಿಸಿಕೊಂಡು, "ಎರಡು ಸಲ ಬಂದಿದ್ವಿ" ಅಂದಳು. ಒಂದು ಸಲ ದಸರಾ ರಜೆಯಲ್ಲಂತೆ, ಒಂದು ಸಲ ಬೇಸಿಗೆಯಲ್ಲಂತೆ. ನನಗೆ ಒಂದು ಉಳಿದಿದೆ, ಅವನಿಗೆ ಇನ್ನೊಂದು. ಅಮ್ಮನಿಗೆ ಎರಡೂ ಇದೆ.

ಅಪ್ಪ ಹೋಗಿ ಆರು ವರ್ಷವಾಯಿತು. ಆ ಹೆಗಲಿನ ಎತ್ತರ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಹೊರಡುವಾಗ ಅಮ್ಮ ದೂರದ ನೀರನ್ನು ನೋಡಿ, "ನಮ್ಮನೆ ಹಿಂದಿನ ಹಳ್ಳದ ನೀರೂ ಇಲ್ಲಿಗೇ ಬರುತ್ತೆ" ಅಂದಳು. ಹೌದಲ್ವಾ ಅನ್ನಿಸಿತು. ಹೇಮಾವತಿ ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರ ದಾಟಿ ಗೊರೂರಿಗೆ ಬರುತ್ತಾಳೆ. ಅಲ್ಲಿಂದ ಮುಂದೆ ಕಾವೇರಿ ಸೇರುತ್ತಾಳೆ. ನಾವು ಹೋಗಬೇಕಾದ ಊರುಗಳೆಲ್ಲ ಅವಳ ಮೇಲ್ಗಡೆಗೆ ಇದ್ದವು.

ಸಕಲೇಶಪುರದಲ್ಲಿ ಸೇತುವೆ ಹತ್ತಿರ ಸಕಲೇಶ್ವರನ ಗುಡಿಗೆ ಕೈ ಮುಗಿದು, ಕಾಫಿ ಕುಡಿದು ಹೊರಟೆವು. ಊರಿಗೆ ಹೆಸರು ಬಂದದ್ದೇ ಆ ದೇವರಿಂದ. ಹಾನುಬಾಳು ದಾಟಿ ತೋಟದ ಮಣ್ಣುರಸ್ತೆಗೆ ತಿರುಗಿದಾಗ ಅಮ್ಮ ಕಿಟಕಿ ಇಳಿಸಿದಳು. ಕಾಫಿ ಗಿಡದ ಹೂವು ಆಗಲೇ ಉದುರಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿ ಕಚ್ಚಿದ್ದವು. ಹಲಸಿನ ಹಣ್ಣಿನ ವಾಸನೆ ಬಂತು. ಎಲ್ಲೋ ಒಂದು ಹಣ್ಣಾಗಿದೆ, ಯಾರೂ ಕೊಯ್ದಿಲ್ಲ ಅಂತ ಅರ್ಥ.

ಅತ್ತೆ ಅಂಗಳದಲ್ಲೇ ನಿಂತಿದ್ದರು. ಕೈಯಲ್ಲಿ ಚೊಂಬು. "ಬಂದ್ರಾ, ಕಾಲು ತೊಳ್ಕೊಳಿ, ಬನ್ನಿ ಬನ್ನಿ." ನಲವತ್ತು ವರ್ಷದಿಂದ ಅದೇ ಮಾತು, ಅದೇ ಧ್ವನಿ. ಕೂದಲು ಮಾತ್ರ ಪೂರ್ತಿ ಬಿಳಿ.

ಮಾವ ಮಕ್ಕಳಿಬ್ಬರನ್ನೂ ಕರೆದು ಮೊದಲು ಹೇಳಿದ್ದು ಒಂದೇ ಮಾತು: "ಆರು ಗಂಟೆ ಮೇಲೆ ಕಣ ದಾಟಿ ಯಾರೂ ಹೋಗಬಾರ್ದು. ಆನೆ ಇದೆ." ಬೇಲಿಯ ಎರಡು ಕಂಬ ಮುರಿದು ಬಿದ್ದಿದ್ದವು. ಹಿಂದಿನ ವಾರ ಬಂದು ಬಾಳೆ, ಬೈನೆ ಮರ ತಿಂದು ಹೋಗಿವೆಯಂತೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜು ಕಳಿಸುತ್ತಾರೆ. ಮಾವ ಕನ್ನಡಕ ಹಾಕಿಕೊಂಡು ದಿನಾ ಸಂಜೆ ಅದನ್ನು ಓದುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಈಗ ಇದೇ ಬದುಕು. ತೋಟದ ಕೆಲಸಕ್ಕೆ ಹೋದವರು ಆನೆ ತುಳಿದು ಸತ್ತ ಸುದ್ದಿ ಎಷ್ಟು ಸಲ ಬಂದಿಲ್ಲ. ಕಾಡು ಚೂರು ಚೂರಾಗಿ ಅವಕ್ಕೂ ಹೋಗಲು ಜಾಗವಿಲ್ಲ.

ನಾವು ಆ ವಯಸ್ಸಿನಲ್ಲಿ ಬೆಳಿಗ್ಗೆ ರೊಟ್ಟಿ ತಿಂದು ತೋಟಕ್ಕೆ ನುಗ್ಗಿದರೆ ಮಧ್ಯಾಹ್ನ ಹೊಟ್ಟೆ ಹಸಿದಾಗಲೇ ಮನೆ. ಕೇಳುವವರಿಲ್ಲ, ಹುಡುಕುವವರಿಲ್ಲ. ನನ್ನ ಮಗನಿಗೆ ಅದನ್ನು ಕೊಡಲು ನನ್ನಿಂದ ಆಗುವುದಿಲ್ಲ. ಅವತ್ತು ರಾತ್ರಿ ಹಜಾರದಲ್ಲಿ ಸಾಲಾಗಿ ಹಾಸಿಗೆ ಹಾಸಿದಾಗ ಇದೇ ಯೋಚನೆ. ಅಮ್ಮ ಮಂಚ ಬೇಡ ಅಂದು ನಮ್ಮ ಜೊತೆ ಚಾಪೆಯ ಮೇಲೆ ಮಲಗಿದಳು. ಹೊರಗೆ ಹಾಲುವಾಣದ ಮರದ ತುಂಬ ಮಿಣುಕುಹುಳ. ಇಡೀ ಮರ ಒಟ್ಟಿಗೆ ಹೊತ್ತಿ, ಒಟ್ಟಿಗೆ ಆರುತ್ತಿತ್ತು. ಪುಟ್ಟಿ ಕಿಟಕಿ ಸರಳು ಹಿಡಿದು ನಿಂತವಳು ನಿದ್ದೆ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಇಷ್ಟಾದರೂ ಸಿಕ್ಕಿತಲ್ಲ ಅನ್ನಿಸಿತು.

ಎರಡನೇ ದಿನ

ಬೆಳಿಗ್ಗೆ ಎದ್ದಾಗ ಅಡುಗೆಮನೆಯಿಂದ ಅಕ್ಕಿಹಿಟ್ಟು ಬೇಯುವ ವಾಸನೆ. ಒತ್ತು ಶಾವಿಗೆ!

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಿಂದಿನ ದಿನ ನೆನೆಹಾಕಿದ ಅಕ್ಕಿಯನ್ನು ನುಣ್ಣಗೆ ರುಬ್ಬಬೇಕು. ದಪ್ಪ ತಳದ ಪಾತ್ರೆಗೆ ಹಾಕಿ, ಒಲೆಯ ಮೇಲಿಟ್ಟು, ಕೋಲಿನಿಂದ ತಿರುವುತ್ತಲೇ ಇರಬೇಕು. ಒಂದು ನಿಮಿಷ ಕೈ ಬಿಟ್ಟರೂ ಗಂಟಾಗುತ್ತದೆ. ಹಿಟ್ಟು ಗಟ್ಟಿಯಾಗುತ್ತಾ ಹೋದ ಹಾಗೆ ಕೋಲು ಭಾರ, ತೋಳು ನೋವು. ಆಮೇಲೆ ಕೈಗೆ ನೀರು ಮುಟ್ಟಿಸಿಕೊಂಡು ಸುಡುವ ಹಿಟ್ಟನ್ನೇ ಉಂಡೆ ಕಟ್ಟಿ ಮತ್ತೆ ಬೇಯಿಸಬೇಕು. ಬೆಂದ ಉಂಡೆ ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಯಾವ ಭೀಮ ಬಂದರೂ ಇಳಿಯುವುದಿಲ್ಲ.

ಆಗ ಇದ್ದದ್ದು ಹಲಸಿನ ಮರದ ಒರಳು. ಅದಕ್ಕೊಂದು ಉದ್ದನೆಯ ಮರದ ಹಿಡಿ. ಆ ಹಿಡಿಗೆ ಜೋತುಬೀಳುವುದು ನಮ್ಮ ಕೆಲಸ. ನಾನು, ತಮ್ಮ, ಮಾವನ ಮಕ್ಕಳು ಮೂವರು, ದೊಡ್ಡಮ್ಮನ ಮಕ್ಕಳು ನಾಲ್ವರು, ಚಿಕ್ಕಮ್ಮನ ಇಬ್ಬರು. ಒಟ್ಟು ಹನ್ನೊಂದು. ಇಬ್ಬಿಬ್ಬರಂತೆ ಸರದಿ. ಕಾಲು ನೆಲ ಬಿಟ್ಟು ಜೋತುಬಿದ್ದರೆ ಹಿಡಿ ಮೆಲ್ಲಗೆ ಕೆಳಗೆ ಬರುತ್ತಿತ್ತು. ಕೆಳಗಿನ ತೂತುಗಳಿಂದ ಬಿಳಿ ಎಳೆಗಳು ಒಟ್ಟಿಗೆ ಇಳಿಯುತ್ತಿದ್ದವು. ಅತ್ತೆ ಕೆಳಗೆ ಕೂತು ಬಾಳೆ ಎಲೆಯನ್ನು ದುಂಡಗೆ ತಿರುಗಿಸುತ್ತಿದ್ದರು. ಹೆಗಲೆತ್ತರದಲ್ಲಿ ನಮ್ಮ ಕಾಲು, ಅದರ ಕೆಳಗೆ ಅವರ ಬೆನ್ನು. ಆ ಬೆನ್ನು ನನಗೆ ಚೆನ್ನಾಗಿ ನೆನಪಿದೆ. ಬೆವರಿಗೆ ಅಂಟಿಕೊಂಡ ರವಿಕೆ. ಮುಖ ನೆನಪಿಲ್ಲ. ಯಾಕಂದರೆ ಅವರು ಮುಖ ಎತ್ತುತ್ತಲೇ ಇರಲಿಲ್ಲ, ಒಂದು ಮುಗಿಯುವುದರೊಳಗೆ ಇನ್ನೊಂದು ಎಲೆ.

ತಿನ್ನುವಾಗ ಮೊದಲು ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಎರಡನೇ ಸಲಕ್ಕೆ ಎಳ್ಳುಪುಡಿ. ಮೂರನೇ ಸಲಕ್ಕೆ ನಾಟಿಕೋಳಿ ಸಾರು. ಹೊಟ್ಟೆ ಬಿರಿಯುವಷ್ಟು ತಿಂದು ಕಣಕ್ಕೆ ಓಡುವುದು. ಮೇ ತಿಂಗಳಲ್ಲಿ ಕಾಫಿ, ಮೆಣಸು ಎಲ್ಲ ಒಣಗಿ ಮೂಟೆ ಸೇರಿರುತ್ತಿತ್ತು, ಕಣ ಖಾಲಿ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ. ಬಿಸಿಲು ಏರಿದರೆ ಜಗಲಿಯಲ್ಲಿ ಚೌಕಾಬಾರ. ಮೂರು ಗಂಟೆಗೆ ಮೋಡ ಕಟ್ಟಿದರೆ ಎಲ್ಲರಿಗೂ ಒಂದೇ ಆಸೆ, ಆಲಿಕಲ್ಲು ಬೀಳಲಿ ಅಂತ. ಹೆಂಚಿನ ಮೇಲೆ ಟಪ ಟಪ ಶುರುವಾದ ಕೂಡಲೇ ಕೈಗೆ ಸಿಕ್ಕಿದ ಪಾತ್ರೆ ತಗೊಂಡು ಅಂಗಳಕ್ಕೆ. ಬಾಯಿಗೆ ಹಾಕಿಕೊಂಡರೆ ಹಲ್ಲು ಜುಂ ಅನ್ನಬೇಕು. ಒದ್ದೆ ಬಟ್ಟೆಯಲ್ಲೇ ಸಾಲಾಗಿ ಬಚ್ಚಲುಮನೆಗೆ. ಹಂಡೆಯಲ್ಲಿ ನೀರು ಯಾವಾಗಲೂ ಕಾದೇ ಇರುತ್ತಿತ್ತು. ಯಾರು ಉರಿ ಹಾಕುತ್ತಿದ್ದರು ಅಂತ ಕೇಳಿದ್ದೇ ಇಲ್ಲ.

ಈಗಿರುವ ಒರಳು ಮೂರು ಕಾಲಿನ ಕಬ್ಬಿಣದ್ದು. ಮೇಲಿನ ಹಿಡಿ ತಿರುಗಿಸಿದರೆ ಸಾಕು. ನನ್ನ ಮಗ ತಿರುಗಿಸುತ್ತಿದ್ದ, ನಾನು ಎಲೆ ಹಿಡಿದಿದ್ದೆ, ಅತ್ತೆ ಉಂಡೆ ಕೊಡುತ್ತಿದ್ದರು. ಅವನಿಗೆ ನಾವು ಹೇಳಿದ ಕಥೆಯೆಲ್ಲ ಕೇಳಿ ಏನನ್ನಿಸಿತೋ, "ಅಜ್ಜಿ, ರಜದಲ್ಲಿ ಇವರೆಲ್ಲ ಇಲ್ಲಿಗೆ ಬರ್ತಿದ್ರು. ನೀವು ಎಲ್ಲಿಗೆ ಹೋಗ್ತಿದ್ರಿ?" ಅಂದ.

"ನಾನಾ?" ಅತ್ತೆ ನಕ್ಕರು. "ನಾನೆಲ್ಲಿಗೆ ಹೋಗ್ಲಿ ಮಗ? ಇವರೆಲ್ಲ ಬರ್ತಿದ್ರಲ್ಲ."

ಅದರಲ್ಲಿ ದೂರು ಇರಲಿಲ್ಲ. ಉಪ್ಪಿದೆಯಾ ನೋಡು ಅಂದ ಹಾಗೆ ಅಂದು ಮುಂದಿನ ಉಂಡೆ ಎತ್ತಿಕೊಟ್ಟರು. ಕಾಯಿ ತುರಿಯುತ್ತಿದ್ದ ಅಮ್ಮನ ಕೈ ನಿಂತಿತು.

"ಅತ್ತಿಗೆ, ನೀವು ಬೇಸಿಗೇಲಿ ಜಾವಳಿಗೆ ಹೋಗಿದ್ದೇ ಇಲ್ವಾ?"

"ಗೌರಿ ಹಬ್ಬಕ್ಕೆ ಹೋಗ್ತಿದ್ನಲ್ಲ. ಜೋರು ಮಳೆ ಇರೋದು. ಬಾಗಿನ ತಗೊಂಡು, ಒಂದು ರಾತ್ರಿ ಇದ್ದು ಬರೋದು. ಮದುವೆ, ಸಾವು ಅಂದ್ರೆ ಹೋಗಿದೀನಿ. ಬೇಸಿಗೇಲಿ ಅಂತ ಹೋಗಿ ಇದ್ದಿದ್ದು ಮದುವೆಗೆ ಮುಂಚೆ." ಅತ್ತೆಯ ಮದುವೆ ಆದದ್ದು 1976ರಲ್ಲಿ. ಅವರ ತವರು ಜಾವಳಿ ಇಲ್ಲಿಂದ ಎರಡು ಗಂಟೆ ದಾರಿಯೂ ಇಲ್ಲ.

ನಾನು ಕೂತಲ್ಲೇ ಲೆಕ್ಕ ಹಾಕಿದೆ. ನನ್ನ ಒಂಬತ್ತು ಬೇಸಿಗೆ. ನನಗಿಂತ ದೊಡ್ಡವರಾದ ದೊಡ್ಡಮ್ಮನ ಮಕ್ಕಳದ್ದು ಅದಕ್ಕೂ ಮೊದಲಿನಿಂದ. ಚಿಕ್ಕಮ್ಮನ ಮಕ್ಕಳದ್ದು ಆಮೇಲೂ. ಅಷ್ಟೂ ಬೇಸಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಿದ್ದರು. ಆ ಮನೆಯ ಸೊಸೆ ತವರಿಗೆ ಹೋಗುವ ಹಾಗಿರಲಿಲ್ಲ. ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಮಧ್ಯಾಹ್ನ ಜಗಲಿಯಲ್ಲಿ ಕೂತಾಗ ಮಾವ ಆ ಕಾಲದ ದುಡ್ಡಿನ ಮಾತು ತೆಗೆದರು. ಆಗ ಬೆಳೆದ ಕಾಫಿಯನ್ನು ಹೊರಗೆ ಮಾರುವ ಹಾಗಿರಲಿಲ್ಲ. ಎಲ್ಲವನ್ನೂ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು. ಮಂಡಳಿ ಮಾರಿದ ಮೇಲೆ ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಈ ಕಟ್ಟು ಸಡಿಲವಾಗಿ, ಬೆಳೆಗಾರರು ತಾವೇ ಮಾರುವ ಹಾಗಾದದ್ದು 90ರ ದಶಕದಲ್ಲಿ. "ನೀವೆಲ್ಲ ಬರೋ ಹೊತ್ತಿಗೆ ಕೈ ಖಾಲಿ ಇರೋದು. ಅಂಗಡೀಲಿ ಬರೆಸಿ ಸಾಮಾನು ತರ್ತಿದ್ವಿ" ಅಂದರು ಮಾವ. ನಮಗೆ ಗೊತ್ತಿದ್ದದ್ದು ಡಬ್ಬದ ತುಂಬ ಚಕ್ಕುಲಿ ಇತ್ತು ಅನ್ನೋದು ಮಾತ್ರ. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟು ಹೋದವು, ಇಲ್ಲಿ ರೇಟು ಏರಿತು. ಆ ದುಡ್ಡಿನಲ್ಲೇ ಮಾವ ಬಾವಿಗೆ ಮೋಟಾರು ಹಾಕಿಸಿದ್ದು. ಅಲ್ಲಿಯವರೆಗೆ ಹನ್ನೊಂದು ಮಕ್ಕಳ ಸ್ನಾನದ ನೀರು ಸೇದಿದ ಕೈ ಯಾವುದು ಅಂತ ಮಾವ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸಂಜೆ ತಮ್ಮ ಫೋನು ತೆಗೆದು, "ಮುಳ್ಳಯ್ಯನಗಿರಿಗೆ ನಾಡಿದ್ದು ಬೆಳಿಗ್ಗೆ ಐದಕ್ಕೇ ಬಿಡಬೇಕು" ಅಂದ. ಅಮ್ಮ, "ಗಿರಿ ಬೇಡ. ಅತ್ತಿಗೇನ ಜಾವಳಿಗೆ ಕರ್ಕೊಂಡು ಹೋಗೋಣ" ಅಂದಳು. ತಮ್ಮ ಎರಡನೇ ಮಾತಾಡಲಿಲ್ಲ. ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್, ಎಲ್ಲಿಗೂ ಹೋಗುವುದಿಲ್ಲ. ಅತ್ತೆಗೆ 68.

"ಅಯ್ಯೋ, ನನಗೋಸ್ಕರ ಯಾಕೆ" ಅಂತ ಅತ್ತೆ ಶುರು ಮಾಡಿದರು. ಮಾವ ಒಂದು ನಿಮಿಷ ಸುಮ್ಮನಿದ್ದು, "ಹೋಗಿ ಬಾ" ಅಂದರು.

ಮೂರನೇ ದಿನ

ಮಂಜರಾಬಾದ್ ಕೋಟೆಗೆ ಹೋದದ್ದು ಮಕ್ಕಳಿಗಾಗಿ. ಸಕಲೇಶಪುರದಿಂದ ಮಂಗಳೂರು ದಾರಿಯಲ್ಲಿ, ದೋಣಿಗಾಲ್ ಹತ್ತಿರ ಇದೆ. ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, 1792ರಲ್ಲಿ ಮುಗಿದದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ, ನಡುವೆ ಮೆಟ್ಟಿಲು ಇಳಿಯುವ ಕೊಳ. ಪುಟ್ಟಿ ಗೋಡೆಯ ಉದ್ದಕ್ಕೂ ನಡೆದು ಎಂಟು ಮೂಲೆ ಎಣಿಸಿಯೇ ಕೆಳಗಿಳಿದದ್ದು.

ಕೋಟೆಯ ಮೇಲೆ ನಿಂತಾಗ ಕೆಳಗೆಲ್ಲೋ ಗೂಡ್ಸ್ ರೈಲಿನ ಸದ್ದು ಕೇಳಿಸಿತು. ನನಗೂ ತಮ್ಮನಿಗೂ ಒಟ್ಟಿಗೇ ಅಜ್ಜಯ್ಯ ನೆನಪಾದರು. 1995ರ ಮೇ ತಿಂಗಳು ಅಜ್ಜಯ್ಯ ನಮ್ಮ ಹನ್ನೊಂದು ಜನರನ್ನೂ ಸಕಲೇಶಪುರದಲ್ಲಿ ಮೀಟರ್ ಗೇಜ್ ರೈಲು ಹತ್ತಿಸಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದರು. 55 ಕಿ.ಮೀ. ಘಾಟಿ, 57 ಸುರಂಗ, ನೂರಕ್ಕೂ ಮೇಲೆ ಸೇತುವೆ. ಸುರಂಗ ಬಂದಾಗಲೆಲ್ಲ ಕೂಗುವುದು, ಕತ್ತಲಲ್ಲಿ ಪಕ್ಕದವರಿಗೆ ಚಿವುಟುವುದು. ಎಲ್ಲರೂ ಎಣಿಸಿದೆವು, ಯಾರ ಲೆಕ್ಕವೂ ಒಂದಕ್ಕೊಂದು ತಾಳೆಯಾಗಲಿಲ್ಲ. ಅಜ್ಜಯ್ಯ ಕಿಟಕಿ ಪಕ್ಕ ಕೂತು, ತೆಂಗಿನೆಣ್ಣೆ ಡಬ್ಬದಷ್ಟು ದೊಡ್ಡ ಟಿಫಿನ್ ಕ್ಯಾರಿಯರ್ ತೊಡೆಯ ಮೇಲೆ ಇಟ್ಟುಕೊಂಡು ನಗುತ್ತಿದ್ದರು. ಮರುವರ್ಷ ಬ್ರಾಡ್ ಗೇಜ್ ಮಾಡಲು ಆ ರೈಲು ನಿಂತಿತು. ಪ್ರಯಾಣಿಕರ ರೈಲು ಮತ್ತೆ ಶುರುವಾದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅಜ್ಜಯ್ಯ ಇರಲಿಲ್ಲ.

"ಆ ಕ್ಯಾರಿಯರ್ ತುಂಬ ಇಡ್ಲಿ ಇತ್ತು. ಹನ್ನೊಂದು ಮಕ್ಕಳಿಗೆ" ಅಂದೆ. ತಮ್ಮ ನನ್ನ ಮುಖ ನೋಡಿದ. ಅತ್ತೆ ಅವತ್ತು ರೈಲು ಹತ್ತಿರಲಿಲ್ಲ. ಅವನೂ ಅದನ್ನೇ ಯೋಚಿಸುತ್ತಿದ್ದ.

ಇವತ್ತೂ ಅತ್ತೆ ನಮ್ಮ ಜೊತೆ ಬಂದಿರಲಿಲ್ಲ. ಕೆಲಸ ಇದೆ ಅಂದಿದ್ದರು. ನಾವು ವಾಪಸ್ ಹೋದಾಗ ಹಜಾರದಲ್ಲಿ ಚೀಲಗಳು ಸಾಲಾಗಿ ನಿಂತಿದ್ದವು. ಮೆಣಸು, ಕಾಫಿಪುಡಿ, ಮಿಡಿ ಉಪ್ಪಿನಕಾಯಿ, ಹಪ್ಪಳ, ಮಗ್ಗೆ ಸೌತೆ. ತವರಿಗೆ ಬರಿಗೈಲಿ ಹೋಗುವುದುಂಟೇ? ಗೂಟಕ್ಕೆ ಒಂದು ಹೊಸ ಸೀರೆ ನೇತುಹಾಕಿದ್ದರು. ಹಸಿರು ಬಣ್ಣ, ಕೆಂಪು ಅಂಚು. ಪೆಟ್ಟಿಗೆಯ ಮಡಿಕೆ ಇನ್ನೂ ಗೆರೆ ಗೆರೆಯಾಗಿ ಕಾಣುತ್ತಿತ್ತು.

ನಾಲ್ಕನೇ ದಿನ

ಬ್ಯಾಗುಗಳೆಲ್ಲ ಡಿಕ್ಕಿಗೆ ಹೋದವು. ಏಳನೇ ಸೀಟಿನಲ್ಲಿ ಅತ್ತೆ. ಕಿಟಕಿ ಪಕ್ಕ.

ಮೂಡಿಗೆರೆ ದಾಟುವವರೆಗೆ ಅತ್ತೆ ಜಾಸ್ತಿ ಮಾತಾಡಲಿಲ್ಲ. ಬೆಕ್ಕಿಗೆ ಹಾಲು ಹಾಕೋಕೆ ಹೇಳಿದೆನಾ, ಕೋಳಿಗೂಡಿನ ಬಾಗಿಲು ಸರಿಯಾಗಿ ಹಾಕಿದೆನಾ ಅಂತ ಅಮ್ಮನ ಹತ್ತಿರ ಎರಡು ಸಲ ಕೇಳಿದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ಇಳಿದೆವು. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿ ಇಳಿಯುವವರೆಲ್ಲ ಇಲ್ಲಿ ನಿಂತು ನೀರುದೋಸೆ ತಿಂದೇ ಹೋಗುವುದು. ಕರವಸ್ತ್ರದಷ್ಟು ತೆಳ್ಳಗೆ, ತೂತು ತೂತು, ಬಿಸಿ ಬಿಸಿ. ಅತ್ತೆ ನಾಲ್ಕು ತಿಂದರು. "ಬೇರೆಯವರು ಮಾಡಿ ಹಾಕಿದ್ದು ರುಚಿ ಕಣೆ" ಅಂದರು ಅಮ್ಮನಿಗೆ.

ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ರಸ್ತೆಗೆ ತಿರುಗಿದ್ದೇ ತಡ, ಅತ್ತೆ ಬೇರೆಯವರೇ ಆದರು. ಕಿಟಕಿಯಿಂದ ಮುಖ ಹೊರಗೆ ಹಾಕಿ ಒಂದೊಂದು ತಿರುವಿಗೂ ಒಂದೊಂದು ಹೇಳಿದರು. ಇಲ್ಲಿ ಒಂದು ಕಾಡುಮಾವಿನ ಮರ ಇತ್ತು, ಹುಳಿ ಅಂದ್ರೆ ಹುಳಿ. ಈ ಇಳಿಜಾರಲ್ಲಿ ಸ್ಕೂಲಿಂದ ಬರುವಾಗ ಓಡಿ ಓಡಿ ಬರ್ತಿದ್ವಿ. ಅಲ್ಲಿ ಕೌಳಿಹಣ್ಣಿನ ಪೊದೆ, ಲಂಗದ ತುಂಬ ಕಲೆ. ನಾನು ಈ ಅತ್ತೆಯನ್ನು ಇದುವರೆಗೆ ನೋಡಿರಲಿಲ್ಲ. ಇವರಿಗೂ ಲಂಗ ಇತ್ತು, ಸ್ಕೂಲಿತ್ತು, ಓಡಲು ಒಂದು ಇಳಿಜಾರಿತ್ತು. ನನ್ನ ಮಟ್ಟಿಗೆ ಅತ್ತೆ ಶಾವಿಗೆ ಒರಳಿನ ಪಕ್ಕದಲ್ಲೇ ಹುಟ್ಟಿದವರು.

ಅವರ ಅಣ್ಣನ ಮನೆ ಗುಡ್ಡದ ಓರೆಯಲ್ಲಿದೆ. ಮನೆ ಮುಂದೆ ನಿಂತರೆ ಕೆಳಗಿನ ತೋಟದಲ್ಲಿ ಒಂದು ದೊಡ್ಡ ಗಾಯದ ಗುರುತು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆಯ ಈ ಭಾಗದಲ್ಲಿ ಗುಡ್ಡಗಳು ಜಾರಿ ಎಷ್ಟೋ ಮನೆ, ತೋಟಗಳು ಹೋದವು. ಇವರದ್ದೂ ಕೆಳಗಿನ ಒಂದೂವರೆ ಎಕರೆ ರಾತ್ರೋರಾತ್ರಿ ಕೆಸರಾಗಿ ಹರಿದುಹೋಯಿತು. ಈಗ ಅಲ್ಲಿ ಹುಲ್ಲು ಬೆಳೆದಿದೆ, ಹೊಸದಾಗಿ ನೆಟ್ಟ ಸಿಲ್ವರ್ ಗಿಡಗಳು ಆಳೆತ್ತರ ಬಂದಿವೆ. ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು. "ಅಲ್ಲಿ ನಮ್ಮ ಜೋಕಾಲಿ ಮರ ಇತ್ತಲ್ವಾ ಅಣ್ಣ?" ಅಂದರು. ಅವರ ಅಣ್ಣನಿಗೆ 80 ಹತ್ತಿರ. "ಇತ್ತು. ಹೋಯ್ತು. ಬಾ, ಒಳಗೆ ಬಾ, ಬಿಸಿಲು" ಅಂದು ತಂಗಿಯ ಕೈಯಲ್ಲಿದ್ದ ಚೀಲ ತಾವೇ ತಗೊಂಡರು.

ಊಟ ಆದಮೇಲೆ ಎಲ್ಲರೂ ಹೇಮಾವತಿ ಹುಟ್ಟುವ ಜಾಗಕ್ಕೆ ಹೋದೆವು. ಜಾವಳಿಯಲ್ಲಿ ಗಣಪತಿಯ ಗುಡಿ ಇದೆ, ಅಲ್ಲೇ ನದಿಯ ಮೂಲ. ಮೊದಲ ದಿನ ಶೆಟ್ಟಿಹಳ್ಳಿಯಲ್ಲಿ ಕಂಡ ಆ ದೊಡ್ಡ ಹಿನ್ನೀರು, ಚರ್ಚನ್ನೇ ಮುಳುಗಿಸುವ ನೀರು, ಇಲ್ಲಿ ಮಕ್ಕಳು ದಾಟುವಷ್ಟು ಸಣ್ಣದು. ಪುಟ್ಟಿ "ಇಷ್ಟೇನಾ?" ಅಂದಳು. "ಇಲ್ಲಿ ಇಷ್ಟೇ" ಅಂದರು ಅತ್ತೆ.

ಗುಡಿಯಿಂದ ಸ್ವಲ್ಪ ಕೆಳಗೆ, ತೋಟದ ಅಂಚಿನಲ್ಲಿ, ಹಳ್ಳ ಕಲ್ಲುಗಳ ನಡುವೆ ಹರಿಯುತ್ತದೆ. ಅತ್ತೆ ಚಪ್ಪಲಿ ಬಿಟ್ಟರು. ಹೊಸ ಸೀರೆಯ ನೆರಿಗೆ ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗೆ ಇಳಿದರು. ಅಮ್ಮ "ಅತ್ತಿಗೆ, ಜಾರುತ್ತೆ" ಅಂದಳು. ಕೇಳಿಸಿಕೊಳ್ಳಲಿಲ್ಲ. ಒಂದು ಹಲಸಿನ ಎಲೆ ಕಿತ್ತರು. ತೊಟ್ಟನ್ನು ಮಡಿಸಿ ಎಲೆಗೆ ಚುಚ್ಚಿ, ಇನ್ನೊಂದು ತುದಿಗೆ ಕಡ್ಡಿ ಸಿಕ್ಕಿಸಿದರು. ದೋಣಿ ಆಯಿತು. ಬೆರಳುಗಳಿಗೆ ಯೋಚನೆಯೇ ಬೇಕಾಗಲಿಲ್ಲ. ಅದರಲ್ಲಿ ಒಂದು ಹೂವಿಟ್ಟು ನೀರಿಗೆ ಬಿಟ್ಟರು. ದೋಣಿ ಒಂದು ಕಲ್ಲಿಗೆ ತಾಗಿ, ತಿರುಗಿ, ಮತ್ತೆ ಹೊರಟಿತು.

"ನನಗೆ ಹಾನುಬಾಳಿಂದ ಸಂಬಂಧ ಬಂದಾಗ ನಾನು ಅತ್ತಿದ್ದೆ. ಅದೆಷ್ಟು ದೂರವೋ ಅಂತ. ನಮ್ಮಜ್ಜಿ ಹೇಳಿದ್ರು, ನಮ್ಮ ನೀರು ಹೋಗೋ ಕಡೆಗೇ ಹೋಗ್ತಿದೀಯ, ಯಾಕೆ ಅಳ್ತೀಯಾ ಅಂತ." ಅತ್ತೆ ಇದನ್ನು ಯಾರಿಗೆ ಅಂತಲ್ಲದೆ ಹೇಳಿದರು. ಆಮೇಲೆ ಪುಟ್ಟಿಗೆ ದೋಣಿ ಮಾಡುವುದು ಕಲಿಸಲು ಕೂತರು. ನನ್ನ ಮಗ ಎಲೆ ಕಿತ್ತು ಕಿತ್ತು ಕೊಟ್ಟ. ಇಪ್ಪತ್ತೋ ಮೂವತ್ತೋ ದೋಣಿ ಹೋದವು. ಅಮ್ಮನೂ ಚಪ್ಪಲಿ ಬಿಟ್ಟು ನೀರಿಗೆ ಕಾಲು ಹಾಕಿ ಕೂತಳು. ನಾದಿನಿ ಅತ್ತಿಗೆ ಇಬ್ಬರೂ ಕೆಲಸವಿಲ್ಲದೆ ಒಟ್ಟಿಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಐದನೇ ದಿನ

ಬೆಳಿಗ್ಗೆ ಕಡುಬು ತಿಂದು ಎಲ್ಲರೂ ಗಾಡಿ ಹತ್ತಿರ ಬಂದೆವು. ಅತ್ತೆ ಹಳೇ ಸೀರೆಯಲ್ಲೇ ಇದ್ದರು.

"ಅತ್ತೆ, ಬಟ್ಟೆ ಬದಲಾಯಿಸಲ್ವಾ?"

ಸೆರಗಿನ ತುದಿ ಸುತ್ತುತ್ತಾ ನಿಂತರು. "ನಾನು ಇನ್ನೊಂದು ಎಂಟು ದಿನ ಇದ್ದು ಬರ್ಲಾ?" ನನ್ನನ್ನಲ್ಲ, ಅಮ್ಮನನ್ನು ಕೇಳಿದ್ದು. 68 ವರ್ಷದವರು, ರಜೆ ಕೇಳುವ ಹುಡುಗಿಯ ಹಾಗೆ. "ಇವರಿಗೆ ಊಟಕ್ಕೆ…"

"ನಾನಿರ್ತೀನಿ ಅಣ್ಣನ ಹತ್ರ" ಅಂದಳು ಅಮ್ಮ. "ಎಂಟು ದಿನ ಅಲ್ಲ, ಹದಿನೈದು ದಿನ ಇದ್ದು ಬನ್ನಿ."

ಅತ್ತೆಯ ಅಣ್ಣ ಒಂದು ದೊಡ್ಡ ಹಲಸಿನ ಹಣ್ಣು ತಂದು ಏಳನೇ ಸೀಟಿನ ಮೇಲಿಟ್ಟರು, ಮಾವನಿಗೆ. ಗಾಡಿ ಹೊರಟ ಕೂಡಲೇ ಬೆಲ್ಟ್ ಹಾಕಿಲ್ಲ ಅಂತ ಪೀಂ ಪೀಂ ಶುರುವಾಯಿತು. ಪುಟ್ಟಿ ಹಣ್ಣಿಗೇ ಬೆಲ್ಟ್ ಹಾಕಿದಳು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಅಂಗಳದಲ್ಲಿ ನಿಂತು ಕೈ ಬೀಸುತ್ತಿದ್ದರು. ಇಷ್ಟು ವರ್ಷ ಅವರು ಬೀಸಿದ್ದು ಹಾನುಬಾಳಿನ ಅಂಗಳದಿಂದ, ನಾವೆಲ್ಲ ಹೋಗುವಾಗ.

ಬೇಲೂರಿಗೆ ಹೋಗಲು ಹೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾವನ ಮನೆ. ಅಮ್ಮ ಒಬ್ಬಳೇ ಇಳಿದದ್ದು ನೋಡಿ ಮಾವ ಗಾಡಿಯೊಳಗೆ ಬಗ್ಗಿ ನೋಡಿದರು. ಅಮ್ಮ ವಿಷಯ ಹೇಳಿದಳು. "ಒಳ್ಳೇದಾಯ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿದ್ದಾಳಾ?" ಅಂತ ಕೇಳಿದರು.

ಅಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಹುಟ್ಟಿದ ಮನೆ, ಆದರೆ ಆ ಒಲೆಯ ಮುಂದೆ ಅವಳು ನಿಂತು ಐವತ್ತು ವರ್ಷ ಆಗಿರಬೇಕು. ಬೇಳೆ ಸಿಕ್ಕಿತು, ಹುಣಸೆಹಣ್ಣು ಸಿಕ್ಕಿತು. ಉಪ್ಪಿನ ಭರಣಿ ಸಿಗಲಿಲ್ಲ. ನಾಗಂದಿಗೆ ಮೇಲೆ, ಕೆಳಗೆ, ಕಿಟಕಿಯಲ್ಲಿ, ಎಲ್ಲ ಕಡೆ ನೋಡಿದೆವು. ಕೊನೆಗೆ ನಾನು ಅತ್ತೆಗೆ ಫೋನು ಮಾಡಿದೆ.

ಅವರ ಅಣ್ಣನ ಮೊಮ್ಮಗಳು ತೆಗೆದಳು.

"ಅಜ್ಜಿ ಇಲ್ಲ ಅಕ್ಕ. ಫೋನ್ ಇಲ್ಲೇ ಬಿಟ್ಟು ಹಳ್ಳದ ಹತ್ರ ಹೋಗಿದಾರೆ. ಊಟದ ಹೊತ್ತಿಗೆ ಕರೀರಿ ಅಂತ ಹೇಳಿ ಹೋದ್ರು."